ಚಿಪ್ಪಿನ ಇದ್ದಿಲೋ, ಮೆಲಮೈನ್ ಪುಡಿಯೋ?

ಕರೆಂಟ್ ಹರಿಸಿ ನೀರನ್ನು ಒಡೆದು ಹೈಡ್ರೋಜನ್ ತೆಗೆಯುವುದರಲ್ಲಿ ಪ್ಲಾಟಿನಂ ಎಷ್ಟು ಚುರುಕೋ ಬೆಲೆಯಲ್ಲೂ ಅಷ್ಟೇ ಜೋರು. ಅದರ ಬದಲು ಕಬ್ಬಿಣ ಮತ್ತು ಇಂಗಾಲದಿಂದ ಅಗ್ಗದ ನ್ಯಾನೋ ವೇಗವರ್ಧಕ (ಕ್ರಿಯೆಯನ್ನು ಚುರುಕುಗೊಳಿಸುವ ಅತಿ ಸೂಕ್ಷ್ಮ ಕಣಗಳ ಪುಡಿ) ಮಾಡುವ ಎರಡು ದಾರಿಗಳನ್ನು ಒಂದೇ ಕೊಳವೆ ಕುಲುಮೆಯಲ್ಲಿ, ಸಾರಜನಕ ಹರಿಸುತ್ತ, 800 ಡಿಗ್ರಿಯಲ್ಲಿ ಸುಟ್ಟು ನೋಡಿದೆ. ಎರಡರ ಪರೀಕ್ಷೆಯೂ 1 ಮೋಲಾರ್ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಕ್ಷಾರ ದ್ರಾವಣದಲ್ಲಿ.

ಮೊದಲನೆಯದು ತೆಂಗಿನ ಚಿಪ್ಪು. ತಿಪಟೂರಿನ ಕೊಬ್ಬರಿ ಸೀಮೆಯಲ್ಲಿ ಇದಕ್ಕೇನು ಬರ? ಇದ್ದಿಲು ಮಾಡಿ, ಅರೆದು, ಫೆರಿಕ್ ನೈಟ್ರೇಟ್ ದ್ರಾವಣ ಕುಡಿಸಿ, ಒಣಗಿಸಿ ಮತ್ತೆ ಸುಡಬೇಕು. ಅರೆಯುವುದೇ ಜೀವ ತಿನ್ನುವ ಕೆಲಸ. ಆದರೆ ಪುಡಿ ಕೈತುಂಬ ಸಿಗುತ್ತದೆ. ಮೇಲ್ಮೈ ವಿಸ್ತೀರ್ಣದ ಅಂಕಿ ಭರ್ಜರಿಯಾಗಿ ಕಂಡರೂ ಅದರ ಬಹುಪಾಲು 2 ನ್ಯಾನೋಮೀಟರಿಗಿಂತ ಕಿರಿದಾದ ರಂಧ್ರಗಳದ್ದು. ದ್ರಾವಣ ಒಳಹೋಗಿ ಗುಳ್ಳೆ ಹೊರಬರಲು ಅಲ್ಲಿ ಜಾಗವೆಲ್ಲಿ? ಕಬ್ಬಿಣದ ಕಣಗಳೂ ಹೆಚ್ಚಾಗಿ ಬೆತ್ತಲೆ. ಕರೆಂಟ್ ನಿಲ್ಲಿಸಿದರೆ ಆಕ್ಸೈಡ್ ಆಗುತ್ತವೆ, ಮತ್ತೆ ಶುರುಮಾಡಿದಾಗ ಮೊದಲಿನ ಹುರುಪು ಇಲ್ಲ.

ಎರಡನೆಯದು ಮೆಲಮೈನ್, ಸಾರಜನಕ ಹೇರಳವಾಗಿರುವ ಬಿಳಿ ಪುಡಿ. ಅದನ್ನು ಫೆರಿಕ್ ಕ್ಲೋರೈಡ್ ಜೊತೆ ಸುಡುವ ಈ ದಾರಿಯಲ್ಲಿ ಅರೆಯುವ ಕಾಟ ಇಲ್ಲ, ಬೇರೆ ಕಾಟ ಇದೆ. ಕುಲುಮೆಯ ಹೊರಬಾಯಲ್ಲಿ ಅಮೋನಿಯಾದ ಘಾಟು. ಆವಿಯಾದ ಮೆಲಮೈನ್ ಕೊಳವೆಯ ತಣ್ಣನೆಯ ತುದಿಯಲ್ಲಿ ಬಿಳಿಯಾಗಿ ಕಟ್ಟಿ ದಾರಿ ಮುಚ್ಚುತ್ತದೆ. ಅದರ ಮೇಲೆ ಕಣ್ಣಿಡಲೇಬೇಕು. ಕುಲುಮೆಯೊಳಗಿಡುವ ದೋಣಿಯಾಕಾರದ ಪುಟ್ಟ ಪಾತ್ರೆಯ ತುಂಬ ಇಟ್ಟದ್ದು ತಳಕ್ಕೆ ಅಂಟಿದಷ್ಟೇ ಉಳಿಯುತ್ತದೆ. ಆ ಉಳಿದದ್ದು ಮಾತ್ರ ಸೊಗಸು: ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಬಿದಿರಿನ ಹಾಗೆ ಗೆಣ್ಣು ಗೆಣ್ಣಾದ ಇಂಗಾಲದ ನಳಿಕೆಗಳು, ಒಳಗೆ ಸಿಕ್ಕಿಕೊಂಡ ಕಬ್ಬಿಣ. ಸಲ್ಫ್ಯೂರಿಕ್ ಆಮ್ಲದಲ್ಲಿ ತೊಳೆದ ಮೇಲೂ ಪುಡಿ ಅಯಸ್ಕಾಂತಕ್ಕೆ ಅಂಟುತ್ತದೆ, ಏಕೆಂದರೆ ಗ್ರಾಫೈಟ್ ಪದರ ಸುತ್ತಿಕೊಂಡ ಕಬ್ಬಿಣಕ್ಕೆ ಆಮ್ಲ ತಲುಪುವುದಿಲ್ಲ. ಬಾಳಿಕೆಯ ಗುಟ್ಟೂ ಅದೇ. ಒಳಗಿನ ಲೋಹ ತೆಳು ಪದರದ ಮೂಲಕ ಎಲೆಕ್ಟ್ರಾನ್ ದಾಟಿಸುತ್ತದೆ, ಹೊರಗೆ ಸಾರಜನಕ ಬೆರೆತ ಇಂಗಾಲದ ಮೇಲೆ ಹೈಡ್ರೋಜನ್ ಹುಟ್ಟುತ್ತದೆ ಎಂಬುದು ಈ ಬಗೆಯ ಪುಡಿಗಳಿಗೆ ಸಾಮಾನ್ಯವಾಗಿ ಕೊಡುವ ವಿವರಣೆ.

ಅಂದಹಾಗೆ, ಇಂಥ ಪರೀಕ್ಷೆಗೆ ಎದುರು ವಿದ್ಯುದ್ವಾರವಾಗಿ (ಕರೆಂಟಿನ ದಾರಿ ಪೂರ್ತಿ ಮಾಡುವ ಇನ್ನೊಂದು ತುದಿಯಾಗಿ) ಪ್ಲಾಟಿನಂ ತಂತಿ ಬೇಡವೇ ಬೇಡ. ಅದು ಕರಗಿ ನಮ್ಮ ಪುಡಿಯ ಮೇಲೆ ಕೂರುತ್ತದೆ. ಆಮೇಲೆ ಬರುವ ಅದ್ಭುತ ಫಲಿತಾಂಶ ಕಬ್ಬಿಣದ್ದಲ್ಲ. ಗ್ರಾಫೈಟ್ ಕಡ್ಡಿ ಸಾಕು.

ವೇಗದಲ್ಲೂ ಬಾಳಿಕೆಯಲ್ಲೂ ನನ್ನ ಕೈಯಲ್ಲಿ ಮೆಲಮೈನ್ ಪುಡಿಯೇ ಮುಂದೆ, ಪ್ಲಾಟಿನಂ ಲೇಪಿತ ಇಂಗಾಲಕ್ಕೆ ಎರಡೂ ಸಾಟಿಯಲ್ಲ. ಪದವಿ ವಿದ್ಯಾರ್ಥಿಗಳಿಗೆ ಕಲಿಸಲು ಚಿಪ್ಪೇ ಸರಿ: ಘಾಟಿಲ್ಲ, ಪುಡಿ ಧಾರಾಳ. ಕಬ್ಬಿಣ ಮತ್ತು ರಂಜಕ ಕೂಡಿದ ಐರನ್ ಫಾಸ್ಫೈಡ್ ಇವೆರಡಕ್ಕಿಂತ ಚುರುಕೆಂದು ಹೆಸರಾಗಿದೆ, ಆದರೆ ಅದನ್ನು ಮಾಡಲು ಸೋಡಿಯಂ ಹೈಪೋಫಾಸ್ಫೈಟ್ ಕಾಯಿಸಿದರೆ ವಿಷಕಾರಿ ಫಾಸ್ಫೀನ್ ಅನಿಲ ಏಳುತ್ತದೆ. ನಮ್ಮ ಹೊಗೆಗೂಡನ್ನು ನಂಬಿ ಆ ಕೆಲಸಕ್ಕೆ ಇಳಿಯಲಾರೆ. ಈಗ ಚಿಪ್ಪಿನ ಇದ್ದಿಲಿನ ಮೇಲೆಯೇ ಮೆಲಮೈನ್ ಮತ್ತು ಕಬ್ಬಿಣ ಹಾಕಿ ನಳಿಕೆ ಬೆಳೆಸುತ್ತಿದ್ದೇನೆ. ಪುಡಿಯೇನೋ ಹೆಚ್ಚು ಉಳಿಯುತ್ತಿದೆ. ನಳಿಕೆಗಳು ಮಾತ್ರ ಎಲ್ಲ ಕಡೆ ಒಂದೇ ಸಮ ಬರುತ್ತಿಲ್ಲ.