ಕ್ಯೂಆರ್ ಪೋಸ್ಟರೋ, ರಾಗಿ ಮಿಲ್ಲಿನ ಕಟ್ಟೆಯೋ

ನಮ್ಮ ಗ್ರಂಥಾಲಯಕ್ಕೆ ಬಾರದ ಹೆಣ್ಣುಮಕ್ಕಳಿಗೆ ಏನು ಬೇಕೆಂದು ತಿಳಿಯುವುದರಲ್ಲಿ ಮಿಲ್ಲಿನ ಕಟ್ಟೆಯೇ ಗೆದ್ದಿತು ಎಂದು ಮೊದಲೇ ಹೇಳಿಬಿಡುತ್ತೇನೆ. 2,400 ರೂಪಾಯಿ ಸುರಿದು ಮುದ್ರಿಸಿದ ಬಣ್ಣದ ಪೋಸ್ಟರುಗಳಲ್ಲಿ ಹದಿನೈದು ಇನ್ನೂ ಬೀರುವಿನ ಮೇಲೆ ಸುರುಳಿ ಸುತ್ತಿಕೊಂಡು ಕೂತಿವೆ. ಆ ಹೊಟ್ಟೆಯುರಿಯಲ್ಲೇ ಇದನ್ನು ಬರೆಯುತ್ತಿದ್ದೇನೆ.

ಬೆಂಗಳೂರಿನ ಲಗ್ಗೆರೆಯಲ್ಲಿ ನಾವು ನಾಲ್ವರು ಸೇರಿ ಒಂದು ಕೋಣೆಯ ಗ್ರಂಥಾಲಯ ನಡೆಸುತ್ತೇವೆ. ಆಸ್ತಿ ತೆರಿಗೆಯ ಜೊತೆ ಶೇ 6ರ ಗ್ರಂಥಾಲಯ ಕರವನ್ನು ನಾವೂ ಕಟ್ಟುತ್ತೇವೆ. ಅದು ಸರ್ಕಾರಿ ಗ್ರಂಥಾಲಯಗಳ ಪಾಲು, ನಮ್ಮದು ಚಂದಾ ಎತ್ತಿದ ದುಡ್ಡು. ಸುತ್ತಮುತ್ತ ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಕ್ಕಳೇ ಹೆಚ್ಚಿದ್ದರೂ ಒಬ್ಬರೂ ಒಳಗೆ ಕಾಲಿಡುತ್ತಿರಲಿಲ್ಲ. ಅವರಿಗೆ ಏನು ಬೇಕೆಂದು ತಿಳಿಯಲು ಮೂರು ದಾರಿ ಹಿಡಿದೆವು.

ಜನಗಣತಿಯ ಕೋಷ್ಟಕ ಒಂದೇ ಮಧ್ಯಾಹ್ನಕ್ಕೆ ಮುಗಿಯಿತು. ಇದ್ದದ್ದು 2011ರದ್ದು. ವಾರ್ಡಿನ ಜನಸಂಖ್ಯೆ, ಸಾಕ್ಷರತೆ ಸಿಕ್ಕಿತು. ಆಗಿನ 198 ವಾರ್ಡುಗಳ ಗಡಿ ಈಗಿಲ್ಲ. ಪುಕ್ಕಟೆ ಸಿಕ್ಕಿದ್ದನ್ನು ಬೈಯಬಾರದು.

ಎರಡನೆಯದೇ ಪೋಸ್ಟರ್. ಕ್ಯೂಆರ್ ಕೋಡಿಗೆ ಮೊಬೈಲ್ ಹಿಡಿದರೆ ಹತ್ತು ಪ್ರಶ್ನೆಗಳ ಗೂಗಲ್ ಫಾರ್ಮ್. ಬೀದಿಯ ಹುಡುಗರು ಮತ್ತೆ ಮತ್ತೆ ತುಂಬಿ ಆಟವಾಡಬಾರದೆಂದು ‘ಒಬ್ಬರಿಗೆ ಒಂದೇ ಉತ್ತರ’ ಎಂಬ ಆಯ್ಕೆಯನ್ನು ನಾನೇ ಒತ್ತಿದೆ. ಎಡವಟ್ಟಾದದ್ದು ಅಲ್ಲೇ. ಅದನ್ನು ಒತ್ತಿದರೆ ಗೂಗಲ್ ಖಾತೆಗೆ ಲಾಗಿನ್ ಆಗದೆ ಉತ್ತರ ಕೊಡಲಾಗುವುದಿಲ್ಲ. ಒಂದೇ ಕೋಣೆಯಲ್ಲಿ ಬಾಡಿಗೆಗಿರುವ ಅಕ್ಕತಂಗಿಯರ ನಡುವೆ ಒಂದು ಸ್ಮಾರ್ಟ್‌ಫೋನು. ಅಕ್ಕ ತುಂಬಿದ ಮೇಲೆ ತಂಗಿಗೆ ಬಾಗಿಲು ಮುಚ್ಚಿತು. ಮದುವೆಯಾದವರ ಮನೆಯಲ್ಲಿ ಖಾತೆ ಗಂಡನದು. ಕೆಲವರ ಪಾಸ್‌ವರ್ಡು ಮೊಬೈಲ್ ಕೊಂಡ ದಿನ ಅಂಗಡಿಯವನು ಹಾಕಿಕೊಟ್ಟದ್ದು, ಅವನಿಗೂ ಮರೆತಿದೆ.

ಆರು ವಾರಕ್ಕೆ ಬಂದ ಉತ್ತರ 31. ಅದರಲ್ಲಿ 19 ಗಂಡಸರವು! ಎಂಥ ಪುಸ್ತಕ ಇಷ್ಟ ಎಂಬುದಕ್ಕೆ ಹೆಚ್ಚಿನವರು ಒತ್ತಿದ್ದು ‘ಕಾದಂಬರಿ’, ಪಟ್ಟಿಯಲ್ಲಿ ಮೊದಲು ಇದ್ದದ್ದು ಅದೇ. ನಾಲ್ಕನೇ ವಾರ ನನ್ನ ತಪ್ಪು ಗೊತ್ತಾಗಿ ‘ಒಬ್ಬರಿಗೆ ಒಂದೇ ಉತ್ತರ’ ಎಂಬ ಆಯ್ಕೆಯನ್ನು ತೆಗೆದೆ. ಅಷ್ಟರಲ್ಲಿ ನಮ್ಮ ಪೋಸ್ಟರಿನ ಮೇಲೆ ‘ಟೈಲರ್‌ಗಳು ಬೇಕಾಗಿದ್ದಾರೆ’ ಎಂಬ ಚೀಟಿ ಅಂಟಿತ್ತು.

ಇನ್ನು ಮಿಲ್ಲು. ತಿಂಗಳಿಗೆರಡು ಭಾನುವಾರ ನಾನು ಹೇಗೂ ರಾಗಿ ಬೀಸಿಸಲು ಹೋಗುವವಳು. ಸರದಿಗೆ ಡಬ್ಬ ಇಟ್ಟವರು ಹಿಟ್ಟು ಬರುವ ತನಕ ಅಲ್ಲೇ ಕಾಯಬೇಕು. ಒಂದು ನೋಟ್‌ಬುಕ್ ಒಯ್ದೆ. ಏನು ಓದುತ್ತೀರಿ ಎಂದು ಕೇಳಲಿಲ್ಲ. ಕೇಳಿದರೆ ಪರೀಕ್ಷೆಗೆ ಕೂತವರಂತೆ ಮುಖ ಮಾಡುತ್ತಾರೆ. “ಈಚೆಗೆ ಯಾವ ಕಾಗದ ಓದಿಸಿಕೊಳ್ಳಲು ಯಾರ ಹತ್ತಿರ ಹೋಗಿದ್ದಿರಿ?” ಎಂದೆ. ಶಿರಾ ಕಡೆಯ ಒಬ್ಬಾಕೆ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಪರ್ಸಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದರು. ಪಿಎಫ್ (ಭವಿಷ್ಯ ನಿಧಿ) ಅರ್ಜಿ ತಿರಸ್ಕೃತ. ಆಧಾರಿನಲ್ಲಿರುವ ಇನಿಷಿಯಲ್ ಕಾರ್ಖಾನೆಯ ದಾಖಲೆಯಲ್ಲಿ ಇಲ್ಲ. “ಸೈಬರ್ ಅಂಗಡಿಯಲ್ಲಿ ಮುನ್ನೂರು ಕೊಟ್ಟೆ ಅಕ್ಕ, ಮತ್ತೆ ಇದೇ ಬಂತು” ಎಂದರು.

2016ರ ಏಪ್ರಿಲ್‌ನಲ್ಲಿ, ಪಿಎಫ್ ಹಣ ತೆಗೆಯುವುದಕ್ಕೆ ಮಿತಿ ಹೇರಿದ ನಿಯಮದ ವಿರುದ್ಧ ಬೆಂಗಳೂರಿನ ಗಾರ್ಮೆಂಟ್ಸ್ ಹೆಣ್ಣುಮಕ್ಕಳೇ ರಸ್ತೆಗಿಳಿದು, ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂಪಡೆಯುವಂತೆ ಮಾಡಿದ್ದರು. ಪತ್ರಿಕೆಯಲ್ಲಿ ಓದಿದ್ದವಳು ಅವರಿಗೆ ಕವನ ಬೇಕೋ ಕಾದಂಬರಿ ಬೇಕೋ ಎಂದು ಕೇಳಿದ್ದೆನಲ್ಲ!

ನಾಲ್ಕು ಭಾನುವಾರಕ್ಕೆ 46 ಜನ. ಪಿಎಫ್ ಆದ ಮೇಲೆ ಹೆಚ್ಚು ಕೇಳಿಬಂದದ್ದು ಬ್ಲೌಸ್ ಕಟಿಂಗ್ ಪುಸ್ತಕ, ಆಮೇಲೆ ಮಕ್ಕಳ ಇಂಗ್ಲಿಷ್. ನಾವು ಏಳಕ್ಕೆ ಬೀಗ ಹಾಕುತ್ತಿದ್ದೆವು, ಅವರ ಅಡುಗೆ ಮುಗಿಯುವುದೇ ಎಂಟಕ್ಕೆ.

ಮಿಲ್ಲಿಗೂ ಕೊರತೆಯಿದೆ. ಆ ಸದ್ದಿನಲ್ಲಿ ಕೂಗಿ ಕೂಗಿ ಗಂಟಲು ಹೋಗುತ್ತದೆ. ಹಾಸ್ಟೆಲಿನಲ್ಲಿ ಊಟ ಮಾಡುವ ಒಡಿಶಾದ ಹುಡುಗಿಯರು ಅಲ್ಲಿ ಕಾಣುವುದೇ ಇಲ್ಲ; ಅವರಿಗಾಗಿ ರೀಚಾರ್ಜ್ ಅಂಗಡಿಯ ಮುಂದೆ ನಿಲ್ಲಲು ಶುರುಮಾಡಿದ್ದೇನೆ, ನನ್ನ ಹರಕು ಹಿಂದಿ ಇಟ್ಟುಕೊಂಡು. ಹತ್ತಾರು ಶಾಖೆ, ಸಂಬಳದ ಸಿಬ್ಬಂದಿ ಇರುವವರಿಗೆ ಫಾರ್ಮ್ ಸರಿಹೋಗಬಹುದು, ಆದರೆ ಲಾಗಿನ್ ಕೇಳಬೇಡಿ. ನನಗೆ ಖರ್ಚಾದದ್ದು ನೋಟ್‌ಬುಕ್ಕಿಗೆ ನಲವತ್ತು, ಮಿಲ್ಲಿನವರ ಕಾಫಿಗೆ ಎಂಬತ್ತು.

ಈಗ ಒಂಬತ್ತರವರೆಗೆ ತೆರೆದಿರುತ್ತೇವೆ. ಕಳೆದ ವಾರ ಬೀರುವಿನ ಮೇಲಿನ ಒಂದು ಪೋಸ್ಟರನ್ನು ತಿರುವಿ, ಬಿಳಿ ಬೆನ್ನಿನ ಮೇಲೆ ಪಿಎಫ್ ಅರ್ಜಿಯ ಮಾದರಿಯನ್ನು ದಪ್ಪಕ್ಷರದಲ್ಲಿ ಬರೆದು ಬಾಗಿಲಿಗೆ ಅಂಟಿಸಿದೆ.