‘ಅನ್‌ಲಿಮಿಟೆಡ್’ ಅಂತ ನಂಬಿ ಅಗ್ಗದ ಸರ್ವರ್‌ನಲ್ಲಿ ಟೊರೆಂಟ್ ಹಾಕಿದೆ, ದುಡ್ಡೂ ಹೋಯ್ತು ಡೇಟಾನೂ ಹೋಯ್ತು

ಕಂಪನಿ ಹೆಸರು ಹಾಕುವುದಿಲ್ಲ, ಕೇಳಬೇಡಿ. ವರ್ಷಕ್ಕೆ 1,999 ರೂಪಾಯಿ ಬಾಡಿಗೆಯ ಸರ್ವರ್, 1 ಜಿಬಿ ರ‍್ಯಾಮ್, 40 ಜಿಬಿ ಡಿಸ್ಕ್, ಪಕ್ಕದಲ್ಲಿ ದಪ್ಪಕ್ಷರದಲ್ಲಿ ‘ಅನ್‌ಲಿಮಿಟೆಡ್ ಬ್ಯಾಂಡ್‌ವಿಡ್ತ್’. ಇಂಥ ಜಾಹೀರಾತು ನೀವೂ ನೋಡಿರುತ್ತೀರಿ.

ಸುಮ್ನೆ ಕಣ್ಣು ಮುಚ್ಚಿಕೊಂಡು ನಂಬಿದ್ದರೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ. ದುಡ್ಡು ಕಟ್ಟುವ ಮೊದಲು ಚಾಟ್‌ನಲ್ಲಿ ನೇರವಾಗಿ ಕೇಳಿದೆ, “ಇದರಲ್ಲಿ ಟೊರೆಂಟ್ ಓಡಿಸಬಹುದಾ?” (ಟೊರೆಂಟ್ ಅಂದರೆ ಒಂದು ಫೈಲನ್ನು ಜನ ತಮ್ಮತಮ್ಮ ಕಂಪ್ಯೂಟರ್‌ಗಳಿಂದಲೇ ತುಂಡು ತುಂಡಾಗಿ ಹಂಚಿಕೊಳ್ಳುವುದು.) ಉತ್ತರ ಬಂತು, “ಸರ್, ನಿಮಗೆ ಫುಲ್ ರೂಟ್ ಆ್ಯಕ್ಸೆಸ್ ಇರುತ್ತೆ.” ಅಂದರೆ ಸರ್ವರ್‌ನಲ್ಲಿ ಏನು ಬೇಕಾದರೂ ಹಾಕಿಕೊಳ್ಳುವ ಪೂರ್ತಿ ಅಧಿಕಾರ. ನಾನು ಖುಷಿಯಾಗಿ ಆಗಲೇ ಯುಪಿಐ ಮಾಡಿದೆ. ಈಗ ಆ ಸಾಲನ್ನು ಇನ್ನೊಂದು ಸಲ ಓದಿ. ಹೌದು ಅಂದಿಲ್ಲ, ಇಲ್ಲ ಅಂತಲೂ ಅಂದಿಲ್ಲ. ಬಾಡಿಗೆ ಮನೆ ನೋಡಲು ಹೋಗಿ “ನಾಯಿ ಸಾಕಬಹುದಾ” ಅಂತ ಕೇಳಿದರೆ, “ಎರಡೂ ಬೀಗದಕೈ ನಿಮಗೇ ಕೊಡ್ತೀವಿ” ಅಂದ ಹಾಗಾಯ್ತು.

ಸರ್ವರ್ ಯಾಕೆ ಬೇಕಿತ್ತು ಅಂದರೆ, ನಮ್ಮ ಮನೆ ಫೈಬರ್ ಸಿಜಿನ್ಯಾಟ್ ಹಿಂದಿದೆ, ಅಂದರೆ ಇಂಟರ್ನೆಟ್ ಕಂಪನಿಯವರು ಒಂದೇ ವಿಳಾಸವನ್ನು ಹಲವು ಮನೆಗಳಿಗೆ ಹಂಚಿದ್ದಾರೆ. ಹೊರಗಿನವರು ನನ್ನ ಪೋರ್ಟ್‌ಗೆ ಬರುವಂತೆಯೇ ಇಲ್ಲ, ಸೀಡ್ ಮಾಡಿದರೂ, ಅಂದರೆ ನನ್ನಲ್ಲಿರುವ ಫೈಲನ್ನು ಬೇರೆಯವರಿಗೆ ಕಳಿಸಿದರೂ, ಅರ್ಧಂಬರ್ಧ. 2024ರ ಏಪ್ರಿಲ್ 25ಕ್ಕೆ ಉಬುಂಟು ಅನ್ನುವ ಉಚಿತ ಆಪರೇಟಿಂಗ್ ಸಿಸ್ಟಮ್‌ನ 24.04 ಆವೃತ್ತಿ ಬಂತು, ಅದನ್ನೇ ಸೀಡ್ ಮಾಡೋಣ ಅಂದುಕೊಂಡೆ. ಮಾರನೇ ದಿನ ಮೈಸೂರಿನಲ್ಲಿ ಲೋಕಸಭೆ ಮತದಾನ, ರಜೆ. ವೋಟು ಹಾಕಿ ಬಂದವನೇ ಸರ್ವರ್‌ನಲ್ಲಿದ್ದ ಡೆಬಿಯನ್ 12 (ಇದೂ ಅಂಥದ್ದೇ ಆಪರೇಟಿಂಗ್ ಸಿಸ್ಟಮ್) ಮೇಲೆ ಕ್ಯೂಬಿಟ್‌ಟೊರೆಂಟ್-ನಾಕ್ಸ್ ಅನ್ನುವ ಟೊರೆಂಟ್ ಪ್ರೋಗ್ರಾಂ ಹಾಕಿಕೊಂಡೆ. 8080 ಪೋರ್ಟ್‌ನಲ್ಲಿ ವೆಬ್ ಪುಟ ತೆರೆದುಕೊಂಡಿತು. ಆ ಹಳೇ ‘ಅಡ್ಮಿನ್‌ಅಡ್ಮಿನ್’ ಪಾಸ್‌ವರ್ಡ್ ಮೊದಲು ಬದಲಿಸಿದೆ, ಅಷ್ಟು ಬುದ್ಧಿ ಇತ್ತು. ರೀಬೂಟ್ ಆದರೂ ತಾನಾಗಿ ಶುರುವಾಗಲಿ ಅಂತ ಸಿಸ್ಟಮ್‌ಡಿಯಲ್ಲಿ ಎನೇಬಲ್ ಕೂಡ ಮಾಡಿದೆ. ಇದನ್ನು ನೆನಪಿಟ್ಟುಕೊಳ್ಳಿ, ನನ್ನ ಮಾನ ಹೋಗಿದ್ದು ಇದರಿಂದಲೇ.

ಅಪ್‌ಲೋಡ್ ಮಿತಿ ಹಾಕಲಿಲ್ಲ. ಹಾಕದಿದ್ದರೆ ಅದು ಎಷ್ಟು ಬೇಕಾದರೂ ಕಳಿಸುತ್ತಾ ಹೋಗುತ್ತೆ. ಅನ್‌ಲಿಮಿಟೆಡ್ ಅಲ್ವಾ, ಮಿತಿ ಯಾಕೆ ಅಂದುಕೊಂಡೆ. ಉಬುಂಟು ಹೊಸದಾಗಿ ಬಂದ ವಾರ ಅದು, ಜನ ಮುಗಿಬಿದ್ದಿದ್ದರು. ಸೋಮವಾರ ಬೆಳಿಗ್ಗೆ ಪ್ಯಾನೆಲ್‌ನಲ್ಲಿ 612 ಜಿಬಿ ಹೊರಗೆ ಹೋಗಿದೆ ಅಂತ ಕಾಣಿಸಿತು. ಅದರ ಕೆಳಗೆ ಕೆಂಪಕ್ಷರದಲ್ಲಿ ‘ಸಸ್ಪೆಂಡೆಡ್’.

ಟಿಕೆಟ್ ಹಾಕಿದೆ. ಆರು ಗಂಟೆ ಬಿಟ್ಟು ಉತ್ತರ, “ಡಿಯರ್ ಕಸ್ಟಮರ್, ನೆಟ್‌ವರ್ಕ್ ಅಬ್ಯೂಸ್. ನಿಯಮಗಳ 14ನೇ ಅಂಶ ನೋಡಿ.” ನೋಡಿದೆ. ‘ಅನ್‌ಲಿಮಿಟೆಡ್ ಎಂದರೆ ನ್ಯಾಯಯುತ ಬಳಕೆ’ ಅಂತೆ. ನ್ಯಾಯ ಎಷ್ಟು ಜಿಬಿ ಅಂತ ಬರೆದಿಲ್ಲ. ಅದರ ಕೆಳಗೇ ‘ಪಿ2ಪಿ ನಿಷೇಧ’. ಪಿ2ಪಿ ಅಂದರೆ ಜನ ನೇರವಾಗಿ ಒಬ್ಬರಿಂದೊಬ್ಬರು ಫೈಲು ಹಂಚಿಕೊಳ್ಳುವುದು, ಟೊರೆಂಟೂ ಅದರಲ್ಲೇ ಬಂತು. ಚಾಟ್‌ನ ಸ್ಕ್ರೀನ್‌ಶಾಟ್ ಕಳಿಸಿದೆ. ಉತ್ತರ, “ನಮ್ಮ ಪ್ರತಿನಿಧಿ ಟೊರೆಂಟ್‌ಗೆ ಅನುಮತಿ ಇದೆ ಎಂದು ಎಲ್ಲೂ ಹೇಳಿಲ್ಲ.” ಅದು ನಿಜ! ಅದಕ್ಕೇ ಮೈಯೆಲ್ಲಾ ಉರಿದುಹೋಯ್ತು. ಬೇಕಂತಲೇ ಹಾಗೆ ಹೇಳಿದ್ದಾನೆ, ನಾನೇ ಹೌದು ಅಂತ ಕೇಳಿಸಿಕೊಂಡಿದ್ದೇನೆ.

ಏಳು ದಿನದ ಮನಿಬ್ಯಾಕ್ ಕೇಳಿದೆ. “ಅಬ್ಯೂಸ್ ಖಾತೆಗಳಿಗೆ ಅನ್ವಯಿಸುವುದಿಲ್ಲ.” ಜೊತೆಗೆ, ಕಾಪಿರೈಟ್ ಇರುವ ಫೈಲು ಹಂಚುವುದು ಅಪರಾಧ ಅಂತ ಒಂದು ಪ್ಯಾರಾ ಉಪದೇಶ. ಸ್ವಾಮಿ, ಅದು ಉಬುಂಟು! ಹಂಚಲಿ ಅಂತ ಅವರೇ ಟೊರೆಂಟ್ ಕೊಡುತ್ತಾರೆ! ಹೀಗೆ ಬರೆದೆ. ಮತ್ತೆ “ಡಿಯರ್ ಕಸ್ಟಮರ್, 14ನೇ ಅಂಶ.”

ಅಲ್ಲಿಗೇ ಬಿಡಬಹುದಿತ್ತು. ಆದರೆ ಅಕ್ಕನ ಟೈಲರಿಂಗ್ ಅಂಗಡಿಯ ಲೆಕ್ಕದ ಎಕ್ಸೆಲ್ ಫೈಲು ಆ ಸರ್ವರ್‌ನಲ್ಲೇ ಇತ್ತು. ಲ್ಯಾಪ್‌ಟಾಪ್‌ನಲ್ಲಿ ಜಾಗ ಇಲ್ಲ ಅಂತ ಇಲ್ಲಿದ್ದದ್ದನ್ನು ಅಳಿಸಿದ್ದೆ. ಬೈಯಿರಿ, ಪರವಾಗಿಲ್ಲ. ರೀಆ್ಯಕ್ಟಿವೇಷನ್ ಫೀ 1,500 ಅಂದರು. ಕಟ್ಟಿದೆ!

ಮಧ್ಯಾಹ್ನ ಒಂದಕ್ಕೆ ಸರ್ವರ್ ಆನ್ ಮಾಡಿದರು. ನಾನು ಆಫೀಸ್ ಕ್ಯಾಂಟೀನಿನಲ್ಲಿ ಅನ್ನ ಸಾರು ಕಲಸುತ್ತಿದ್ದೆ. ಸರ್ವರ್ ಬೂಟ್ ಆಯ್ತು, ನಾನೇ ಎನೇಬಲ್ ಮಾಡಿಟ್ಟ ಕ್ಯೂಬಿಟ್‌ಟೊರೆಂಟ್ ಎದ್ದು ಕೂತಿತು, ಬಿಟ್ಟಲ್ಲಿಂದ ಸೀಡ್ ಶುರು ಮಾಡಿತು. ನಾನು ಲಾಗಿನ್ ಆಗಲು ಹೋಗುವಷ್ಟರಲ್ಲಿ ಮತ್ತೆ ಬಂದ್. ಈ ಸಲ ಮೇಲ್‌ನಲ್ಲಿ, “ಎರಡನೇ ಉಲ್ಲಂಘನೆ. ಸರ್ವಿಸ್ ರದ್ದಾಗಿದೆ, ಡೇಟಾ ಅಳಿಸಲಾಗಿದೆ.” ಫೋನ್ ನಂಬರ್ ಹುಡುಕಿದೆ. ಸೇಲ್ಸ್‌ನದು ಮಾತ್ರ ಇದೆ. ಎತ್ತಿದವರು, “ಹೊಸ ಪ್ಲಾನ್ ತಗೊಳ್ತೀರಾ ಸರ್?” ಅಂದರು.

ಹಾಗಾಗಿ, ಕೊಳ್ಳುವ ಮೊದಲು ನಿಯಮಗಳ ಪುಟದಲ್ಲಿ ‘ಪಿ2ಪಿ’, ‘ಟೊರೆಂಟ್’ ಅಂತ ಹುಡುಕಿ. ಚಾಟ್‌ನವರಿಂದ ಹೌದು ಅಥವಾ ಇಲ್ಲ, ಎರಡರಲ್ಲಿ ಒಂದು ಬರೆಸಿಕೊಳ್ಳಿ, ‘ರೂಟ್ ಆ್ಯಕ್ಸೆಸ್’ ಅಂದರೆ ಎದ್ದು ಬನ್ನಿ. ತಿಂಗಳ ಲೆಕ್ಕದಲ್ಲೇ ತಗೊಳ್ಳಿ, ವರ್ಷದ ಆಫರ್ ಬೇಡವೇ ಬೇಡ. ಅಪ್‌ಲೋಡ್ ಮಿತಿ ಹಾಕಿ, ಸೆಕೆಂಡಿಗೆ 500 ಕೆಬಿಗೆ ಇಟ್ಟರೂ ದಿನಕ್ಕೆ 40 ಜಿಬಿ ದಾಟುತ್ತೆ. ಸಸ್ಪೆಂಡ್ ಆಗಿದ್ದರೆ ಫೀ ಕಟ್ಟುವ ಮೊದಲು ರೆಸ್ಕ್ಯೂ ಮೋಡ್‌ನಲ್ಲಿ ಆನ್ ಮಾಡಿ ಅಂತ ಬರೆದು ಕೇಳಿ, ಆಗ ಟೊರೆಂಟ್ ತಾನಾಗಿ ಶುರುವಾಗಲ್ಲ, ಫೈಲು ಮಾತ್ರ ತೆಗೆದುಕೊಳ್ಳಬಹುದು. ನನಗೆ ಹೊಳೆಯಲಿಲ್ಲ.

3,499 ರೂಪಾಯಿ ಹೋಯ್ತು. ಅಕ್ಕ ಬಿಲ್ ಪುಸ್ತಕಗಳನ್ನು ಚೀಲದಲ್ಲಿ ತುಂಬಿ ಕಳಿಸಿದ್ದಾಳೆ. ದಿನಾ ರಾತ್ರಿ ಕೂತು ಬ್ಲೌಸ್, ಫಾಲ್ಸ್, ಜಿಗ್‌ಜಾಗ್ ಅಂತ ಟೈಪ್ ಮಾಡುತ್ತಿದ್ದೇನೆ. ಇನ್ನೂ ಫೆಬ್ರವರಿಯಲ್ಲೇ ಇದ್ದೇನೆ.