ದೇವರನ್ನು ಬಿಟ್ಟು ಸಾವನ್ನು ಎದುರಿಸಿದ ಆಲ್ಬಮ್: ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’

ನಾಸ್ತಿಕತೆಯನ್ನು ಹಾಡಿಗೆ ತಂದ ರಾಕ್ ಸಂಗೀತಗಾರರಲ್ಲಿ ಅನೇಕರು ದೇವರೊಡನೆ ಜಗಳಕ್ಕೇ ನಿಂತುಬಿಡುತ್ತಾರೆ. ಜಗಳವಾಡಲು ಎದುರಿಗೊಬ್ಬ ಬೇಕೇ ಬೇಕಾದ್ದರಿಂದ, ಇಲ್ಲವೆಂದು ಸಾರಹೊರಟ ಹಾಡಿನ ತುಂಬ ಕಡೆಗೆ ಅವನೇ ಕೂತಿರುತ್ತಾನೆ. ಬ್ರಿಟನ್ನಿನ ಪಿಂಕ್ ಫ್ಲಾಯ್ಡ್ ತಂಡ 1973ರ ಮಾರ್ಚ್‌ನಲ್ಲಿ ಹೊರತಂದ ‘ದಿ ಡಾರ್ಕ್ ಸೈಡ್ ಆಫ್ ದಿ ಮೂನ್’ ಇಂಥ ವಾದಕ್ಕೆ ಇಳಿಯುವುದಿಲ್ಲ. ದೇವರ ಆಸರೆಯನ್ನು ಸದ್ದಿಲ್ಲದೆ ಪಕ್ಕಕ್ಕೆ ಸರಿಸಿ, ಆ ಬಳಿಕ ಉಳಿಯುವ ಸಾವಿನ ಭಯ ಹೇಗಿರುತ್ತದೆ ಎಂಬುದನ್ನಷ್ಟೇ ಅದು ಕೇಳಿಸುತ್ತದೆ.

ಈ ಆಲ್ಬಮ್ಮಿನ ತಿರುಳು ಎಲ್‌ಪಿ ತಟ್ಟೆಯ ಮೊದಲ ಬದಿಯ ಕೊನೆಯ ಕೆಲವು ನಿಮಿಷಗಳಲ್ಲಿದೆ. ‘ಟೈಮ್’ ಹಾಡು ಗಡಿಯಾರಗಳ ಗದ್ದಲದಿಂದ ಶುರುವಾಗುತ್ತದೆ. ಧ್ವನಿ ತಂತ್ರಜ್ಞ ಅಲನ್ ಪಾರ್ಸನ್ಸ್ ಹಳೆಯ ಗಡಿಯಾರಗಳ ಅಂಗಡಿಯೊಂದರಲ್ಲಿ ಒಂದೊಂದನ್ನೇ ಬೇರೆಬೇರೆಯಾಗಿ ಮುದ್ರಿಸಿಕೊಂಡು ಬಂದ ಸದ್ದುಗಳು ಅವು. ಉಸಿರು ಗಿಡ್ಡವಾಗುತ್ತಿದೆ, ಸಾವಿಗೆ ಮತ್ತೊಂದು ದಿನ ಹತ್ತಿರವಾಯಿತು ಎಂದು ಹೇಳಿದ ಮೇಲೆ ಹಾಡು ಮನೆಯ ಒಲೆಯ ಬೆಚ್ಚನೆಗೆ ಮರಳುತ್ತದೆ. ಆಗ ದೂರದ ಬಯಲಿನಾಚೆ ಕಬ್ಬಿಣದ ಗಂಟೆ ಬಾರಿಸಿ ಭಕ್ತರನ್ನು ಮಂಡಿಯೂರಲು ಕರೆಯುತ್ತದೆ, ಅಲ್ಲಿ ಅವರು ಮೆಲುದನಿಯ ಮಂತ್ರಗಳನ್ನು ಕೇಳುತ್ತಾರೆ. ಸಾಹಿತ್ಯ ಬರೆದ, ತಂಡದ ಸದಸ್ಯ ರೋಜರ್ ವಾಟರ್ಸ್ ಧರ್ಮದ ಬಗ್ಗೆ ಇಲ್ಲಿ ಆಡುವುದು ಇಷ್ಟೇ. ಗೇಲಿಯಿಲ್ಲ, ಸಿಟ್ಟಿಲ್ಲ, ಗಂಟೆ ದೂರದಲ್ಲಿದೆ, ಹಾಡುವವನು ಎದ್ದು ಹೋಗುವುದಿಲ್ಲ, ಅಷ್ಟೆ.

ಇದರ ಬೆನ್ನಿಗೇ ತಂಡದ ಇನ್ನೊಬ್ಬ ಸದಸ್ಯ ರಿಚರ್ಡ್ ರೈಟ್‌ರ ಪಿಯಾನೋ ‘ದಿ ಗ್ರೇಟ್ ಗಿಗ್ ಇನ್ ದಿ ಸ್ಕೈ’ಯನ್ನು ತೆರೆಯುತ್ತದೆ. 1972ರ ಕಛೇರಿಗಳಲ್ಲಿ ಈ ಜಾಗದಲ್ಲಿ ಆರ್ಗನ್ ನುಡಿಯುತ್ತಿತ್ತು, ಜೊತೆಗೆ ಬೈಬಲ್ ವಾಚನ ಮತ್ತು ಕ್ರೈಸ್ತ ಚಿಂತಕ ಮಾಲ್ಕಮ್ ಮಗರಿಜ್‌ರ ಮಾತಿನ ಮುದ್ರಿಕೆಗಳು ಇರುತ್ತಿದ್ದವು. ಹಾಗೇ ಉಳಿದಿದ್ದರೆ ಅದು ಧರ್ಮವನ್ನು ಚುಚ್ಚುವ ಒಂದು ಜಾಣ ತುಣುಕಾಗಿ ಮುಗಿಯುತ್ತಿತ್ತು. ತಂಡ ಆ ಮಾತುಗಳನ್ನೆಲ್ಲ ತೆಗೆದುಹಾಕಿ, 1973ರ ಜನವರಿಯಲ್ಲಿ ಲಂಡನ್ನಿನ ಆಬಿ ರೋಡ್ ಸ್ಟುಡಿಯೋಗೆ ಕ್ಲೇರ್ ಟೋರಿ ಎಂಬ ಗಾಯಕಿಯನ್ನು ಕರೆಸಿ, ಪದಗಳಿಲ್ಲದೆ ಹಾಡಿಸಿತು. ದೇವರ ವಿರುದ್ಧದ ಎಷ್ಟೋ ಘೋಷಣೆಗಳಿಗಿಂತ ಈ ಒಂದು ಅಳಿಸುವಿಕೆಯೇ ಹೆಚ್ಚು ನಾಸ್ತಿಕವಾದುದು ಎಂದು ನನಗನ್ನಿಸುತ್ತದೆ, ಏಕೆಂದರೆ ಸಾವಿನ ಬಗ್ಗೆ ಧರ್ಮಗಳು ಒದಗಿಸುವುದು ಮಾತನ್ನು, ಈ ಹಾಡು ಒದಗಿಸಲು ಒಪ್ಪದಿರುವುದೂ ಮಾತನ್ನೇ.

ಟೋರಿಯವರ ದನಿ ಮೊದಲು ಪ್ರತಿಭಟಿಸುತ್ತದೆ, ನಡುವೆ ಗಂಟಲು ಹರಿಯುವಷ್ಟು ಕೂಗುತ್ತದೆ, ಆಮೇಲೆ ಪಿಯಾನೋ ಒಂಟಿಯಾದಾಗ ಗೊಣಗಿನ ಮಟ್ಟಕ್ಕೆ ಇಳಿಯುತ್ತದೆ. ಹಾಡಿನ ಆರಂಭದಲ್ಲಿ ಸ್ಟುಡಿಯೋದ ಬಾಗಿಲು ಕಾಯುವವರೊಬ್ಬರು, ಸಾಯಲು ತನಗೇನೂ ಹೆದರಿಕೆಯಿಲ್ಲ, ಒಂದಲ್ಲ ಒಂದು ದಿನ ಹೋಗಲೇಬೇಕಲ್ಲ ಎನ್ನುತ್ತಾರೆ. ವಾಟರ್ಸ್ ಚೀಟಿಗಳಲ್ಲಿ ಪ್ರಶ್ನೆಗಳನ್ನು ಬರೆದಿಟ್ಟು ಸ್ಟುಡಿಯೋದಲ್ಲಿದ್ದವರಿಂದ ಪಡೆದ ಉತ್ತರಗಳಲ್ಲಿ ಅದೂ ಒಂದು. ಕೊನೆಯ ಹೊತ್ತಿಗೆ, ಹೆಡ್‌ಫೋನ್ ಇಲ್ಲದಿದ್ದರೆ ತಪ್ಪಿಹೋಗುವಷ್ಟು ಮೆಲ್ಲಗೆ, ಒಬ್ಬ ಹೆಂಗಸು ತಾನು ಹೆದರುತ್ತೇನೆಂದು ಹೇಳಿಯೇ ಇಲ್ಲ ಎನ್ನುತ್ತಾಳೆ. ಧೈರ್ಯದ ಈ ಎರಡು ಹೇಳಿಕೆಗಳ ನಡುವೆ ಇರುವುದು ಆ ಕೂಗು, ಹಾಗಾಗಿ ಎರಡನ್ನೂ ಪೂರ್ತಿ ನಂಬುವುದು ಕಷ್ಟ. ಟೋರಿಯವರಿಗೆ ಅಂದು ಸಂದದ್ದು 30 ಪೌಂಡ್ ಮಾತ್ರ. ಸಹ ರಚನಕಾರ್ತಿ ಎಂಬ ಮನ್ನಣೆ ದೊರೆತದ್ದು ಮೊಕದ್ದಮೆ ಹೂಡಿದ ಮೇಲೆ, 2005ರಲ್ಲಿ.

ಉಳಿದ ಭಾಗ ಒಂದೇ ಎತ್ತರದಲ್ಲಿ ಇಲ್ಲ. ‘ಮನಿ’ಯ ಏಳು ಮಾತ್ರೆಯ ನಡೆ ಸೊಗಸಾಗಿದೆ, ಆದರೆ ಅದರ ವ್ಯಂಗ್ಯ ಸುಲಭದ್ದು. ‘ಆನ್ ದಿ ರನ್’ ಸಿಂಥಸೈಜರ್‌ನ ಕೈಚಳಕಕ್ಕಾಗಿ ಮಾತ್ರ ನೆನಪಿನಲ್ಲಿ ಉಳಿಯುತ್ತದೆ. ಕೊನೆಯ ‘ಎಕ್ಲಿಪ್ಸ್’ ಬಗ್ಗೆ ನನಗೆ ಗಂಭೀರವಾದ ತಕರಾರಿದೆ: ಆರ್ಗನ್, ಏರುತ್ತಾ ಹೋಗುವ ಹಿನ್ನೆಲೆ ದನಿಗಳು, ಒಂದೇ ಪದದಿಂದ ಶುರುವಾಗುವ ಸಾಲುಗಳ ಪಟ್ಟಿ ಸೇರಿ ಅದು ಚರ್ಚಿನ ಸಾಮೂಹಿಕ ಪ್ರಾರ್ಥನೆಯ ಅಚ್ಚಿನಲ್ಲೇ ಎರಕಗೊಂಡಿದೆ. ಭಕ್ತಿಯನ್ನು ಬಿಟ್ಟವರೂ ಭಕ್ತಿಯ ಅಬ್ಬರವನ್ನು ಬಿಡಲಾರರು ಎಂಬುದು ವಾಟರ್ಸ್‌ರ ಉದ್ದೇಶವೇ ಆಗಿದ್ದರೆ ಸರಿ, ಆದರೆ ಹಾಡಿನೊಳಗೆ ಅಂಥ ಸುಳಿವಿಲ್ಲ.

ವಾಟರ್ಸ್ 2023ರಲ್ಲಿ ಇಡೀ ಕೃತಿಯನ್ನು ತಂಡದ ಹಳೆಯ ಸಂಗಾತಿಗಳಿಲ್ಲದೆ ಮರುಸೃಷ್ಟಿಸಿ ‘ರಿಡಕ್ಸ್’ ಎಂಬ ಹೆಸರಿನಲ್ಲಿ ಹೊರತಂದರು. ಗಿಟಾರ್ ಸೋಲೋಗಳಿಲ್ಲದ, ಎಂಬತ್ತರ ವಯಸ್ಸಿನ ಒರಟು ದನಿ ‘ಟೈಮ್’ ಹಾಡಿಗೆ ನಿಜಕ್ಕೂ ಹೊಸ ಅರ್ಥ ಕೊಡುತ್ತದೆ. ಮೂವತ್ತು ತುಂಬುವ ಮೊದಲೇ ಬರೆದ ಸಾಲುಗಳಿಗೆ ಈಗ ಅವರೇ ಸಾಕ್ಷಿ. ಆದರೆ ಟೋರಿಯವರ ಕೂಗಿದ್ದ ಜಾಗದಲ್ಲಿ ಅವರು ಕವಿ ಡೊನಾಲ್ಡ್ ಹಾಲ್‌ರ ಸಾವಿನ ಕುರಿತ ಪತ್ರವ್ಯವಹಾರವನ್ನು ಓದುತ್ತಾರೆ. ಓದು ಮನಕಲಕುವಂಥದ್ದೇ, ಆದರೂ ಐವತ್ತು ವರ್ಷಗಳ ಹಿಂದೆ ಮಾತನ್ನು ಹೊರಹಾಕಿ ಗೆದ್ದಿದ್ದ ಜಾಗಕ್ಕೆ ಮಾತನ್ನು ಮತ್ತೆ ಕರೆತಂದದ್ದು ನಷ್ಟವೆಂದೇ ನನ್ನ ಅಭಿಪ್ರಾಯ.

ಮೊದಲ ಸಲ ಕೇಳುವವರು 1973ರ ಮೂಲವನ್ನೇ ಆರಿಸಿಕೊಳ್ಳಬೇಕು, ಸುಮಾರು 43 ನಿಮಿಷವನ್ನು ಹಾಡುಗಳ ಕ್ರಮ ಬದಲಿಸದೆ ಕೇಳಬೇಕು. ಎಲ್‌ಪಿಯಲ್ಲಿ ‘ಗ್ರೇಟ್ ಗಿಗ್’ ಮುಗಿದಾಗ ಮೊದಲ ಬದಿಯೂ ಮುಗಿಯುತ್ತದೆ, ಎದ್ದು ತಟ್ಟೆ ತಿರುವುವಷ್ಟು ಬಿಡುವು ಸಿಗುತ್ತದೆ. ಸಿ.ಡಿ. ಮತ್ತು ಮೊಬೈಲ್ ಆ್ಯಪ್‌ಗಳಲ್ಲಿ ಆ ಬಿಡುವಿಲ್ಲದೆ ‘ಮನಿ’ಯ ನಾಣ್ಯಗಳು ಝಣಗುಟ್ಟತೊಡಗುವುದರಿಂದ, ಕೇಳುಗರೇ ಅಲ್ಲಿ ಒಮ್ಮೆ ನಿಲ್ಲಿಸಿ ಮುಂದುವರಿಯುವುದು ಒಳ್ಳೆಯದು.